ಪ್ರಾಜೆಕ್ಟರು, ಕ್ಯಾಮರಾ ಮತ್ತು ಪ್ರಸ್ತದ ಮಂಚ

ನಾನು ಜೀವನದಲ್ಲಿ ಕಟ್ಟಿದ್ದು ಒಂದೇ ಒಂದು ಯಂತ್ರ. ಅದು ಮದುವೆ ಮುಹೂರ್ತವಿದ್ದ ದಿನ ಕೆಲಸ ಮಾಡುತ್ತಿರಲಿಲ್ಲ. ಕಾರಣ ಬಹಳ ಸರಳ. ಅದರ ಕಣ್ಣು ನನ್ನ ಸೋದರಮಾವನ ವಿಡಿಯೋ ಕ್ಯಾಮರಾ. ಯಾರದಾದರೂ ಮನೆಯಲ್ಲಿ ಓಲಗ ಊದಿದರೆ ಸಾಕು, ಮಾವ ಬಂದು ಮೇಲೆ ಕಟ್ಟಿದ್ದ ಕ್ಯಾಮರಾ ಬಿಚ್ಚಿಕೊಂಡು, ಹೆಗಲಿಗೇರಿಸಿ, ಛತ್ರಕ್ಕೆ ಹೊರಟುಬಿಡುತ್ತಿದ್ದ. ಹಾಗಾಗಿ ನನ್ನ ಸಂಶೋಧನೆಯ ವೇಳಾಪಟ್ಟಿಯನ್ನು ಗೋಡೆಯ ಪಂಚಾಂಗ ನೋಡಿ ಹಾಕಬೇಕಿತ್ತು. ಆಷಾಢದಲ್ಲಿ ವಿಜ್ಞಾನ ನಾಗಾಲೋಟದಲ್ಲಿ ಓಡುತ್ತಿತ್ತು, ಶ್ರಾವಣ ಬಂದ ಕೂಡಲೇ ಕುಂಟುತ್ತಿತ್ತು. ಹೊಸದಾಗಿ ಮದುವೆಯಾದವರೆಲ್ಲ ಆಷಾಢವನ್ನು ಶಪಿಸುವಾಗ, ಅದು ಇನ್ನೊಂದು ತಿಂಗಳು ಇರಬಾರದೇ ಎಂದು ಹಂಬಲಿಸಿದವಳು ದೊಡ್ಡಬಳ್ಳಾಪುರದಲ್ಲಿ ನಾನೊಬ್ಬಳೇ ಇರಬೇಕು.

ಇದು ತೊಂಬತ್ತರ ದಶಕದ ಕೊನೆಯ ಮಾತು. ನಾನು ಒಂದು ಪಾಲಿಟೆಕ್ನಿಕ್ಕಿನಲ್ಲಿ ಎಲೆಕ್ಟ್ರಾನಿಕ್ಸ್ ಪಾಠ ಹೇಳುತ್ತಿದ್ದೆ. ನಮ್ಮೂರು ತ್ಯಾಮಗೊಂಡ್ಲು ಕಡೆ. ಅಲ್ಲಿಂದ ದಿನಾ ಎರಡು ಬಸ್ಸು ಬದಲಾಯಿಸಿ ಬರುವುದು ಸಾಕಾಗಿ ಮಾವನ ಮನೆ ಸೇರಿಕೊಂಡಿದ್ದೆ. ಮನೆಯ ಮುಂಭಾಗ ಮಾವನ ಫೋಟೋ ಸ್ಟುಡಿಯೋ, ಹಿಂದೆ ಸಂಸಾರ. ನಡುವೆ ಒಂದು ದೊಡ್ಡ ಕತ್ತಲೆ ಕೋಣೆ. ಅದರ ಒಂದು ಗೋಡೆಯ ಆಚೆಗೆ ಪವರ್‌ಲೂಮುಗಳ ಶೆಡ್ಡು. ಮಗ್ಗಗಳು ಓಡುತ್ತಿದ್ದಷ್ಟು ಹೊತ್ತೂ ಆ ಗೋಡೆ ಚಳಿಜ್ವರ ಬಂದವರ ಹಾಗೆ ನಡುಗುತ್ತಿತ್ತು. ಮಾವ ಅದಕ್ಕೆ ಎಷ್ಟು ಒಗ್ಗಿಹೋಗಿದ್ದನೆಂದರೆ, ಕರೆಂಟು ಹೋಗಿ ಮಗ್ಗ ನಿಂತಾಗ ಬೆಚ್ಚಿಬಿದ್ದು ಏಳುತ್ತಿದ್ದ.

ಆ ವರ್ಷ ಯಾವುದೋ ಯೋಜನೆಯಲ್ಲಿ ನಮ್ಮ ಕಾಲೇಜಿಗೆ ಒಂದು ಕಂಪ್ಯೂಟರು, ಒಂದು ಓವರ್‌ಹೆಡ್ ಪ್ರಾಜೆಕ್ಟರು, ಜೊತೆಗೆ ಗಾಜಿನ ತಟ್ಟೆಯಂಥ ಒಂದು ಪ್ಯಾನೆಲ್ಲು ಬಂದವು. ಆ ಪ್ಯಾನೆಲ್ಲನ್ನು ಪ್ರಾಜೆಕ್ಟರಿನ ಮೇಲಿಟ್ಟರೆ ಕಂಪ್ಯೂಟರಿನಲ್ಲಿ ಕಾಣುವುದೆಲ್ಲ ಗೋಡೆಯ ಮೇಲೂ ಕಾಣುತ್ತಿತ್ತು. ಪ್ರಿನ್ಸಿಪಾಲರು ಮೂರಕ್ಕೂ ಆಯುಧಪೂಜೆ ಮಾಡಿಸಿ, ಪ್ಲಾಸ್ಟಿಕ್ ಹೊದಿಸಿ, ಬೀಗ ಹಾಕಿಸಿದರು. ಕುಂಕುಮ ಒಣಗಿ ಉದುರುವವರೆಗೂ ಅವನ್ನು ಯಾರೂ ಮುಟ್ಟಲಿಲ್ಲ. ಆಮೇಲೆ ಮೇಲಿನಿಂದ ಕಾಗದ ಬಂತು: ಈ ಉಪಕರಣಗಳಿಂದ ಊರಿಗೆ ಏನು ಉಪಯೋಗವಾಗಿದೆ ತಿಳಿಸಿ. ಪ್ರಿನ್ಸಿಪಾಲರು ನನ್ನನ್ನು ಕರೆದರು. "ಊರ ತುಂಬ ಮಗ್ಗ ಇದೆ. ಸೀರೆ ಡಿಸೈನನ್ನ ಕಂಪ್ಯೂಟರಲ್ಲಿ ಮಾಡಿಬಿಡಿ ಮೇಡಂ" ಎಂದರು. ಒಂದು ಲೋಟ ಟೀ ಮಾಡಿಬಿಡಿ ಎನ್ನುವ ಧಾಟಿಯಲ್ಲಿ.

ಊರಲ್ಲಿ ಸೀರೆಯ ಅಂಚಿನ ಡಿಸೈನು ಬರೆಯುತ್ತಿದ್ದವರು ಕೆಲವರಿದ್ದರು. ಅವರಲ್ಲಿ ಎಲ್ಲರೂ ಮೊದಲು ಹೇಳುತ್ತಿದ್ದ ಹೆಸರು ಒಬ್ಬ ಹೆಂಗಸಿನದು. ನಾನು ಅವರನ್ನು ಅಕ್ಕ ಎಂದೇ ಕರೆಯುತ್ತಿದ್ದೆ. ಚೌಕುಳಿ ಕಾಗದದ ಮೇಲೆ ಒಂದೊಂದೇ ಮನೆ ತುಂಬಿಸುತ್ತ ಅವರು ಬರೆದ ಗ್ರಾಫನ್ನು ನೋಡಿಕೊಂಡು ಇನ್ನೊಬ್ಬರು ರಟ್ಟಿನ ಪಟ್ಟಿಗಳಿಗೆ ತೂತು ಹೊಡೆಯುತ್ತಿದ್ದರು. ಆ ತೂತುಗಳ ಪ್ರಕಾರ ಮಗ್ಗದಲ್ಲಿ ಎಳೆಗಳು ಏಳುತ್ತಿದ್ದವು. ಅಕ್ಕನಿಗೆ ಐವತ್ತರ ಹತ್ತಿರ ವಯಸ್ಸು, ಕಿವಿಯ ಹಿಂದೆ ಪೆನ್ಸಿಲ್ಲು, ಬಾಯಲ್ಲಿ ಎಲೆಅಡಿಕೆ. ಮಗ್ಗದ ಮಾಲೀಕರು ಅವರ ಜಗಲಿಯಲ್ಲಿ ಕಾದು ಕೂರುತ್ತಿದ್ದರು.

ಅವರನ್ನು ಕಾಲೇಜಿಗೆ ಕರೆಸಿ ಕಂಪ್ಯೂಟರಿನ ಮುಂದೆ ಕೂರಿಸಿದೆವು. ಮೌಸು ಹಿಡಿದು ಹತ್ತು ನಿಮಿಷದಲ್ಲಿ ಒಂದು ಬಳ್ಳಿ ಬರೆದೇಬಿಟ್ಟರು. ಪ್ರಿನ್ಸಿಪಾಲರು ಚಪ್ಪಾಳೆ ತಟ್ಟಿದರು. ಅಕ್ಕ ಎದ್ದು, ಕಿಟಕಿಯಿಂದಾಚೆ ಉಗಿದು ಬಂದು ಹೇಳಿದರು:

"ಬರಿಯೋಕೇನೋ ಬರ್ತದೆ ಸಾರ್. ಆದ್ರೆ ಗೇಣಗಲದ ಕಿಟಕಿಯೊಳಗೆ ನಾನು ಏನಂತ ನೋಡ್ಲಿ? ಅಂಚು ಅನ್ನೋದು ಕಾಲಿಂದ ಹೆಗಲಿನವರ್ಗೂ ಹರ್ಕೊಂಡು ಹೋಗ್ಬೇಕು. ಇದ್ರಲ್ಲಿ ಒಂದು ಹೂವು ಕಾಣೋ ಹೊತ್ಗೆ ಇನ್ನೊಂದು ಮಾಯ ಆಗ್ತದೆ. ಇದಕ್ಕಿಂತ ನಮ್ಮನೆ ನೆಲವೇ ವಾಸಿ."

ಪ್ರಿನ್ಸಿಪಾಲರಿಗೆ ಅದು ಅಜ್ಞಾನದ ಮಾತಾಗಿ ಕೇಳಿಸಿತು. ನನಗೆ ಮಾತ್ರ ಅಂದು ಸಂಜೆ ಅನ್ನ ಕಲಸಿಕೊಂಡು ಕೂತಾಗಲೂ ಅದೇ ಕಿವಿಯಲ್ಲಿತ್ತು. ಮನೆಯ ನೆಲವೇ ವಾಸಿ ಎನ್ನುವುದಾದರೆ ನೆಲದ ಮೇಲೇ ಬೀಳಿಸಿದರಾಯಿತಲ್ಲ? ಪ್ರಾಜೆಕ್ಟರು ಮೇಲಿನಿಂದ ಸೀರೆಯ ಅಂಚನ್ನು ಅದರ ನಿಜ ಅಳತೆಯಲ್ಲೇ ಒಂದು ಬಿಳಿ ಹಲಗೆಯ ಮೇಲೆ ಚೆಲ್ಲಲಿ. ಅಕ್ಕ ಮೌಸು ಬಿಟ್ಟು, ಕಪ್ಪು ಕಾಗದದಲ್ಲಿ ಮಾವಿನಕಾಯಿ, ಹೂವು, ನವಿಲು ಕತ್ತರಿಸಿ ಹಲಗೆಯ ಮೇಲೆ ಕೈಯಾರೆ ಇಡಲಿ. ಕ್ಯಾಮರಾ ಅದನ್ನು ನೋಡಿ ಕಂಪ್ಯೂಟರಿಗೆ ಹೇಳಲಿ. ಕಂಪ್ಯೂಟರು ಆ ಒಂದು ಮಾವಿನಕಾಯಿಯನ್ನು ಸಾಲಾಗಿ ಮಾಡಿ, ಬಣ್ಣ ಹಾಕಿ, ಅದೇ ಹಲಗೆಯ ಮೇಲೆ ಬೆಳಕಿನಲ್ಲಿ ತೋರಿಸಲಿ. ಕಾಯಿಯನ್ನು ಕೊಂಚ ಓರೆ ಮಾಡಿದರೆ ಇಡೀ ಸಾಲೇ ಓರೆಯಾಗಲಿ.

ಹೇಳುವುದು ಸುಲಭ. ಕ್ಯಾಮರಾದ ಚಿತ್ರವನ್ನು ಕಂಪ್ಯೂಟರಿಗೆ ದಾಟಿಸುವ ಕಾರ್ಡನ್ನು ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಹುಡುಕಲು ನನ್ನ ಮೂರು ಭಾನುವಾರಗಳು ಹೋದವು. ಕಾಲೇಜಿನ ಸಾಮಾನುಗಳನ್ನು ಪ್ರಿನ್ಸಿಪಾಲರ ಒಪ್ಪಿಗೆಯ ಮೇಲೆ ತಂದಿಟ್ಟು, ಮಾವನ ಕತ್ತಲೆ ಕೋಣೆಯನ್ನೇ ಪ್ರಯೋಗಾಲಯ ಮಾಡಿಕೊಂಡೆ. ಕಿಟಕಿಗೆ ಸ್ಟುಡಿಯೋದ ಹಳೆಯ ಪರದೆ ಹೊದಿಸಿದೆವು. ಅದರಲ್ಲಿ ಜಲಪಾತವೂ ಎರಡು ಹಂಸಗಳೂ ಇದ್ದವು. ಬೀರುವಿನ ಬಾಗಿಲ ಕನ್ನಡಿ ಬಿಚ್ಚಿ ಸೂರಿಗೆ ಓರೆಯಾಗಿ ತೂಗಿಹಾಕಿ, ಪ್ರಾಜೆಕ್ಟರಿನ ಬೆಳಕನ್ನು ಅದಕ್ಕೆ ಹಾಯಿಸಿ ಕೆಳಗಿಳಿಸಿದೆ. ಅಂಚು ಹಲಗೆಯ ಮೇಲೆ ಬಿತ್ತು. ಬಿದ್ದದ್ದೇ ಕುಣಿಯತೊಡಗಿತು. ಪಕ್ಕದ ಶೆಡ್ಡಿನ ಮಗ್ಗಗಳು ಗೋಡೆ ನಡುಗಿಸಿದರೆ ಸೂರು ನಡುಗುತ್ತಿತ್ತು, ಸೂರಿನ ಜೊತೆ ಕನ್ನಡಿ, ಕನ್ನಡಿಯ ಜೊತೆ ಸೀರೆ. ನೋಡುತ್ತ ನೋಡುತ್ತ ನನಗೆ ಘಾಟಿ ರಸ್ತೆಯಲ್ಲಿ ಬಸ್ಸಿನ ಹಿಂದಿನ ಸೀಟಿನಲ್ಲಿ ಕೂತಂತಾಗಿ ಪ್ರಾಜೆಕ್ಟರು ಆರಿಸಿದೆ.

ಎರಡು ವಾರ ನಾನು ಸ್ಪ್ರಿಂಗು, ರಬ್ಬರು, ಹತ್ತಿ ಎಂದು ಏನೇನೋ ಅಡಿಗಿಟ್ಟೆ. ಕೊನೆಗೆ ದಾರಿ ತೋರಿಸಿದ್ದು ಎಸ್ಸೆಸ್ಸೆಲ್ಸಿಯನ್ನು ಮೂರು ಸಲ ಕಟ್ಟಿದ ನಮ್ಮ ಮಾವ.

"ಅಲ್ಲ ಕಣವ್ವಾ, ನೀನು ಕನ್ನಡೀನ ಸೂರಿಗೆ ಕಟ್ಟಿದ್ದೀಯ, ಹಲಗೇನ ನೆಲದ ಮೇಲೆ ಇಟ್ಟಿದ್ದೀಯ. ಅದು ಒಂದು ತಾಳಕ್ಕೆ ಕುಣೀತದೆ, ಇದು ಇನ್ನೊಂದು ತಾಳಕ್ಕೆ. ಎಲ್ಲಾನೂ ಒಂದೇ ಚೌಕಟ್ಟಿಗೆ ಬಿಗಿ. ಕುಣಿದ್ರೆ ಎಲ್ಲಾ ಒಟ್ಟಿಗೆ ಕುಣೀಲಿ, ಯಾರಿಗೆ ಗೊತ್ತಾಗ್ತದೆ?"

"ಅಷ್ಟು ದೊಡ್ಡ ಚೌಕಟ್ಟು ಎಲ್ಲಿಂದ ತರ್ಲಿ ಮಾವ?"

ಮಾವ ಒಳಗಿನ ಕೋಣೆ ಕಡೆ ನೋಡಿದ. ಅಲ್ಲಿ ಅವನ ಪ್ರಸ್ತದ ಮಂಚವಿತ್ತು. ಅತ್ತೆಯ ತವರಿನವರು ಮದುವೆಯಲ್ಲಿ ಕೊಟ್ಟದ್ದು, ಕಬ್ಬಿಣದ್ದು, ನಾಲ್ಕು ಮೂಲೆಗೂ ಸೊಳ್ಳೆಪರದೆ ಕಟ್ಟುವ ಎತ್ತರದ ಕಂಬಗಳಿದ್ದದ್ದು. ಅತ್ತೆ ತವರಿಗೆ ಹೋಗಿದ್ದಾಗ ನಾವಿಬ್ಬರೂ ಅದನ್ನು ಎಳೆದು ತಂದೆವು. ಹಾಸಿಗೆಯ ಜಾಗದಲ್ಲಿ ಬಿಳಿ ಹಲಗೆ, ತಲೆಯ ಕಡೆ ಪ್ರಾಜೆಕ್ಟರು, ಮೇಲಿನ ಕಂಬಗಳಿಗೆ ಕನ್ನಡಿ ಮತ್ತು ಕ್ಯಾಮರಾ. ಮಗ್ಗಗಳು ಓಡಿದವು, ಮಂಚ ಗಡಗಡ ಎಂದಿತು, ಹಲಗೆಯ ಮೇಲಿನ ಅಂಚು ಮಾತ್ರ ಬರೆದಿಟ್ಟಂತೆ ನಿಂತಿತು. ನಾನು ಮಾವನ ಕೈ ಕುಲುಕಿದೆ. ತವರಿಂದ ಬಂದ ಅತ್ತೆ ನಮ್ಮಿಬ್ಬರ ಜೊತೆಗೂ ಒಂದು ವಾರ ಮಾತಾಡಲಿಲ್ಲ.

ಅಕ್ಕ ಮೊದಲ ಸಲ ಬಂದು ಆ ಮಂಚ ನೋಡಿದಾಗ ಬಾಗಿಲಲ್ಲೇ ನಿಂತು ನಕ್ಕರು. "ಏನ್ ಮೇಡಮ್ಮೋರೆ, ಸೀರೆ ಹುಟ್ಟಿಸೋಕೆ ಮಂಚಾನೇ ಬೇಕಾಯ್ತಾ?"

ಆ ದಿನವೇ ಯಂತ್ರ ನಮ್ಮ ಮಾನ ತೆಗೆಯಿತು. ಅಕ್ಕ ಒಂದು ಕಪ್ಪು ಮಾವಿನಕಾಯಿಯನ್ನು ಹಲಗೆಯ ಮೇಲಿಟ್ಟರು. ಕಂಪ್ಯೂಟರು ಅದನ್ನು ಎಂಟು ಮಾಡಿ ತೋರಿಸಿತು. ಆಹಾ ಎನ್ನುವಷ್ಟರಲ್ಲಿ ಕ್ಯಾಮರಾ ಆ ಬೆಳಕಿನ ಎಂಟು ಕಾಯಿಗಳನ್ನೂ ನಿಜವಾದ ಕಾಯಿಗಳೆಂದೇ ನಂಬಿತು. ಎಂಟೂ ಎಂಟೆಂಟಾದವು. ಅವೂ ಮರಿ ಹಾಕಿದವು. ಕಣ್ಣೆದುರಿಗೇ ಹಲಗೆ ತುಂಬ ಕಾಯಿಯ ಮೇಲೆ ಕಾಯಿ ಬಿದ್ದು, ಕೊನೆಗೆ ಇಡೀ ಮಂಚ ಕಪ್ಪಗಾಯಿತು.

"ಒಳ್ಳೆ ಫಸಲು" ಎಂದ ಮಾವ.

ಯಂತ್ರ ತಾನು ತೋರಿಸಿದ್ದನ್ನು ತಾನೇ ನೋಡಿ ಮರುಳಾಗುತ್ತಿತ್ತು. ಇದಕ್ಕೆ ಪರಿಹಾರ ಹುಡುಕಲು ನನಗೆ ಪೂರ್ತಿ ಆಷಾಢ ಹಿಡಿಯಿತು. ಕಡೆಗೆ ಮಾಡಿದ್ದಿಷ್ಟು: ಕೆಲವು ಕ್ಷಣಗಳಿಗೊಮ್ಮೆ ಅಂಚನ್ನೆಲ್ಲ ಅಳಿಸಿ ಹಲಗೆಯ ಮೇಲೆ ಬರೀ ಬಿಳಿ ಬೆಳಕು ಬೀಳಿಸುವುದು. ಆ ಒಂದು ಕ್ಷಣದಲ್ಲಿ ಹಲಗೆಯ ಮೇಲೆ ನಿಜವಾದ ಕಾಗದದ ತುಂಡುಗಳು ಮಾತ್ರ ಇರುತ್ತವೆ. ಕ್ಯಾಮರಾ ಆಗ ಮಾತ್ರ ನೋಡಬೇಕು. ಮತ್ತೆ ಅಂಚು ಬರಬೇಕು. ಹೀಗೆ ಬೆಳಕು ಪಕ್ಕನೆ ಬಂದು ಹೋಗುವುದನ್ನು ನಾನು ಟಿಪ್ಪಣಿಯಲ್ಲಿ ದೊಡ್ಡ ದೊಡ್ಡ ಶಬ್ದಗಳಲ್ಲಿ ವಿವರಿಸಿದ್ದೆ. ಅಕ್ಕ ಒಂದೇ ಮಾತಿನಲ್ಲಿ ಮುಗಿಸಿದರು: "ನಿಮ್ ಮಿಷನ್ನು ಕಣ್ಣು ಹೊಡೀತದೆ."

ಅಲ್ಲಿಂದ ಮುಂದೆ ಅಕ್ಕ ವಾರಕ್ಕೆರಡು ಮಧ್ಯಾಹ್ನ ಬರತೊಡಗಿದರು. ತುಂಡು ಇಟ್ಟು, ಕೈ ಹಿಂದೆ ತೆಗೆದು, ಬೆಳಕು ಮಿಂಚುವವರೆಗೆ ಕಾಯುವುದನ್ನು ರೂಢಿ ಮಾಡಿಕೊಂಡರು. ಒಂದೆರಡು ಸಲ ಕೈ ತೆಗೆಯುವುದು ತಡವಾಗಿ, ಬಳೆ ತೊಟ್ಟ ಮುಂಗೈಗಳೇ ಸಾಲಾಗಿ ಅಂಚಿನುದ್ದಕ್ಕೂ ಮೂಡಿದ್ದುಂಟು. "ನೋಡಿ, ಬಸ್ಸು ಹತ್ತೋರ ಹಂಗೆ ನುಗ್ತಾವ್ರೆ" ಎಂದು ಅವರೇ ನಗುತ್ತಿದ್ದರು. ಆದರೆ ಒಂದು ಮಧ್ಯಾಹ್ನ ಅವರು ಒಂದು ಎಲೆಯನ್ನು ಕೂದಲೆಳೆಯಷ್ಟು ಸರಿಸಿ, ಕಾದು, ಮತ್ತೆ ಸರಿಸಿ, ಕಾದು, ಇದ್ದಕ್ಕಿದ್ದಂತೆ ಎರಡು ಹೆಜ್ಜೆ ಹಿಂದೆ ಸರಿದು ನಿಂತರು. ಹಲಗೆಯ ಮೇಲೆ ಬಳ್ಳಿಯೊಂದು ಮಂಚದ ಈ ತುದಿಯಿಂದ ಆ ತುದಿಗೆ ನಿಜವಾಗಿಯೂ ಹರಿಯುತ್ತಿತ್ತು. ಅವರು ಎಲೆಅಡಿಕೆ ಅಗಿಯುವುದನ್ನೂ ನಿಲ್ಲಿಸಿದ್ದರು. ನನಗೆ ಡಿಪ್ಲೊಮಾದಲ್ಲಿ ರ‍್ಯಾಂಕು ಬಂದಾಗ ಕೂಡ ಅಷ್ಟು ಸಂತೋಷವಾಗಿರಲಿಲ್ಲ.

ಇಷ್ಟರಲ್ಲಿ ಪ್ರಿನ್ಸಿಪಾಲರಿಗೆ ಅವಸರ ಹತ್ತಿತು. ಇಲಾಖೆಯ ಒಬ್ಬ ಅಧಿಕಾರಿ, ನಾಲ್ಕೈದು ಮಗ್ಗದ ಮಾಲೀಕರು ಎಲ್ಲರನ್ನೂ ಕರೆದು ಪ್ರದರ್ಶನ ಮಾಡಬೇಕೆಂದರು. ಪ್ರದರ್ಶನಕ್ಕೆ ಮುಂಚೆ ಯೋಜನೆಯ ವರದಿ ಬರೆದುಕೊಡಲು ನನಗೆ ಹೇಳಿದರು. ಬರೆದೆ. ವರದಿಗೆ ತೂಕ ಬರಲೆಂದು ಕೊನೆಯಲ್ಲಿ ಒಂದು ವಾಕ್ಯ ಸೇರಿಸಿದೆ: ಈ ವ್ಯವಸ್ಥೆಯಿಂದಾಗಿ ಇನ್ನು ಮುಂದೆ ಗ್ರಾಫ್ ಬರೆಯುವವರ ಮೇಲಿನ ಅವಲಂಬನೆ ತಪ್ಪುತ್ತದೆ. ಬರೆಯುವಾಗ ಅದೊಂದು ಸುಳ್ಳೆಂದು ನನಗೆ ಗೊತ್ತಿತ್ತು. ಅಕ್ಕನ ಮುಖ ಕಣ್ಮುಂದೆ ಬಂದಿರಲಿಲ್ಲ ಎಂದರೆ ಅದು ಇನ್ನೊಂದು ಸುಳ್ಳು.

ಪ್ರದರ್ಶನದ ದಿನ ಆ ಕೋಣೆಯಲ್ಲಿ ಉಸಿರಾಡಲು ಜಾಗವಿರಲಿಲ್ಲ. ಜಲಪಾತದ ಪರದೆಗೆ ಆನಿಕೊಂಡು ಮಾಲೀಕರು, ಮಂಚದ ಕಾಲಿನ ಕಡೆ ಅಧಿಕಾರಿ, ಪಕ್ಕದಲ್ಲಿ ಕತ್ತರಿಸಿದ ತುಂಡುಗಳ ಡಬ್ಬಿ ಹಿಡಿದು ಅಕ್ಕ. ಹೊಸ ಸೀರೆ ಉಟ್ಟುಕೊಂಡು ಬಂದಿದ್ದರು. ಪ್ರಿನ್ಸಿಪಾಲರು ವರದಿ ಹಿಡಿದು ಓದಿದರು. ನನ್ನ ವಾಕ್ಯ ಬಂದಾಗ ಅದನ್ನು ಎರಡು ಸಲ ಓದಿದರು, ಎರಡನೆಯ ಸಲ ಇನ್ನೂ ಗಟ್ಟಿಯಾಗಿ.

ಅಕ್ಕ ಡಬ್ಬಿಯನ್ನು ಮೆಲ್ಲಗೆ ಹಲಗೆಯ ಮೂಲೆಗಿಟ್ಟರು. "ಹಂಗಾದ್ರೆ ನೀವೇ ಮಾಡಿ ತೋರ್ಸಿ ಸಾರ್" ಎಂದು ಹೋಗಿ ಸ್ಟೂಲಿನ ಮೇಲೆ ಕೂತರು.

ಪ್ರಿನ್ಸಿಪಾಲರು ಹಿಂಜರಿಯುವ ಜಾತಿಯವರಲ್ಲ. ಅಂಗಿಯ ತೋಳು ಮಡಚಿ, ಡಬ್ಬಿಯಿಂದ ಒಂದು ನವಿಲನ್ನು ತೆಗೆದು, ಮಂಚದ ಮೇಲೆ ಬಗ್ಗಿ, ಎಲ್ಲಿಡುವುದೆಂದು ಯೋಚಿಸತೊಡಗಿದರು. ಅವರು ಯೋಚಿಸುತ್ತಿರುವಾಗಲೇ ಯಂತ್ರ ಕಣ್ಣು ಹೊಡೆಯಿತು. ಮೇಲಿದ್ದ ಕ್ಯಾಮರಾಕ್ಕೆ ಆ ಕ್ಷಣ ಕಂಡದ್ದು ಅವರ ತಲೆ. ಸುತ್ತ ಎಣ್ಣೆ ಹಚ್ಚಿ ಬಾಚಿದ ಕಪ್ಪು ಕೂದಲು, ನಡುವೆ ಬೆಳಕಿಗೆ ಫಳಫಳ ಹೊಳೆಯುವ ಬಯಲು, ಎರಡೂ ಕಡೆ ಎಲೆಗಳಂತೆ ಚಾಚಿದ ಕಿವಿಗಳು. ಮರುಕ್ಷಣ ಮಂಚದ ಉದ್ದಕ್ಕೂ, ಅರಿಶಿನ ಬಣ್ಣದ ಮೇಲೆ ಕೆಂಪಿನಲ್ಲಿ, ಪ್ರಿನ್ಸಿಪಾಲರ ತಲೆಗಳು ಸಾಲಾಗಿ ಬೆಳಗಿದವು.

ಮಾವ ಕೆಮ್ಮುವ ನೆಪದಲ್ಲಿ ಹೊರಗೋಡಿದ. ಆಗ ಸ್ಟೂಲಿನ ಕಡೆಯಿಂದ ದನಿ ಬಂತು.

"ಏಯ್, ನಿಲ್ಸು! ಹಂಗೇ ಬಿಡು, ಅಳಿಸ್ಬೇಡ!"

ಅಕ್ಕ ಎದ್ದು ಬಂದಿದ್ದರು. ನಾನು ಕೀಲಿ ಒತ್ತಿ ಚಿತ್ರವನ್ನು ಹಾಗೇ ನಿಲ್ಲಿಸಿದೆ. ಅವರು ಕಿವಿಯ ಹಿಂದಿನ ಪೆನ್ಸಿಲ್ಲು ತೆಗೆದು, ವರದಿಯ ಹಿಂದಿನ ಖಾಲಿ ಪುಟವನ್ನೇ ಕಿತ್ತುಕೊಂಡು, ಸರಸರನೆ ಅಳತೆ ಗುರುತು ಹಾಕಿಕೊಂಡರು. ಒಬ್ಬ ಮಾಲೀಕರು, ವಯಸ್ಸಾದವರು, ಕನ್ನಡಕ ಸರಿಮಾಡಿಕೊಂಡು ಬಹಳ ಗಂಭೀರವಾಗಿ ಕೇಳಿದರು: "ಈ ಚಕ್ರದ ಬಾರ್ಡರು ಚೆನ್ನಾಗೈತಲ್ಲಮ್ಮ. ಸೂರ್ಯನೋ?" ಅಕ್ಕ ಕಣ್ಣೆತ್ತದೆ "ಸೂರ್ಯನೇ" ಎಂದರು. ಪ್ರಿನ್ಸಿಪಾಲರು ಹೆಮ್ಮೆಯಿಂದ ಅಧಿಕಾರಿಯ ಕಡೆ ನೋಡಿದರು. ಅದು ತಾವು ಕೈಯಲ್ಲಿ ಹಿಡಿದಿದ್ದ ನವಿಲಿನ ಕರಾಮತ್ತು ಎಂದೇ ಅವರು ತಿಳಿದಿದ್ದರು.

ಅಕ್ಕ ಕಾಗದ ಮಡಚಿ ಸೊಂಟಕ್ಕೆ ಸಿಕ್ಕಿಸಿಕೊಂಡು, ನನ್ನ ಮುಖ ನೋಡದೆ ಹೊರಟುಹೋದರು. ಆಮೇಲೆ ಬರಲಿಲ್ಲ. ಒಂದು ವಾರ, ಎರಡು ವಾರ. ಮಂಚ ನನ್ನನ್ನು ಅಣಕಿಸುತ್ತ ಬಿದ್ದಿತ್ತು. ನಾನೇ ತುಂಡುಗಳನ್ನಿಟ್ಟು ನೋಡಿದೆ. ಎಲ್ಲ ಕೆಲಸ ಮಾಡುತ್ತಿತ್ತು, ಒಂದೂ ಸೀರೆಯ ಹಾಗೆ ಕಾಣುತ್ತಿರಲಿಲ್ಲ. ಅಡುಗೆಮನೆಯ ಎಣ್ಣೆಬಟ್ಟೆಯ ಹಾಗೆ ಕಾಣುತ್ತಿತ್ತು.

ಮೂರನೆಯ ವಾರ ಧೈರ್ಯ ಮಾಡಿ ಅವರ ಮನೆಗೆ ಹೋದೆ. ಜಗಲಿಯಲ್ಲಿ ಗ್ರಾಫು ಹರಡಿಕೊಂಡು ಕೂತಿದ್ದರು. ನನ್ನನ್ನು ಕಂಡೂ ಪೆನ್ಸಿಲ್ಲು ನಿಲ್ಲಿಸಲಿಲ್ಲ. ನಾನು ಕಂಬಕ್ಕೆ ಒರಗಿ ನಿಂತೇ ಹೇಳಿದೆ. "ಅಕ್ಕ, ಆ ಮಾತು ಬರ್ದಿದ್ದು ಸಾಹೇಬ್ರಲ್ಲ. ನಾನು."

"ಗೊತ್ತು. ನಿಮ್ ಸಾಹೇಬ್ರಿಗೆ ಅಷ್ಟುದ್ದದ ವಾಕ್ಯ ಎಲ್ಲಿ ಬರ್ತದೆ?"

ಅವರು ಒಂದು ಸಾಲು ಮನೆ ತುಂಬಿಸಿ ಮುಗಿಸಿ, ಪೆನ್ಸಿಲ್ಲು ಕೆಳಗಿಟ್ಟರು.

"ನೋಡಮ್ಮ, ನನ್ ಹೆಸ್ರು ಹಾಕು ಅಂತ ನಾನು ಕೇಳ್ಲಿಲ್ಲ. ಇವಳಿಲ್ದೆ ನಡೀತದೆ ಅಂತ ಯಾಕ್ ಬರ್ದೆ? ನಡ್ಯಲ್ಲ ಅಂತ ನಿಂಗೊತ್ತು. ನಂಗಿಂತ ನಿಂಗೇ ಚೆನ್ನಾಗಿ ಗೊತ್ತು. ಗೊತ್ತಿದ್ದೂ ಬರ್ದೆಯಲ್ಲ, ಅದು ನಂಗೆ ಉರೀತು."

"ತಪ್ಪಾಯ್ತು ಅಕ್ಕ. ತೆಗ್ದುಹಾಕ್ತೀನಿ."

"ತೆಗೀಬೇಡ. ತೆಗ್ದ್ರೆ ಯಾರಿಗ್ ಗೊತ್ತಾಗ್ತದೆ? ಉಲ್ಟಾ ಬರಿ."

ಉಲ್ಟಾ ಬರೆದೆ. ಅನುಭವಿ ಗ್ರಾಫ್ ಬರಹಗಾರರಿಲ್ಲದೆ ಈ ವ್ಯವಸ್ಥೆ ನಿರುಪಯೋಗಿ, ಎಂದು. ಪ್ರಿನ್ಸಿಪಾಲರು ಅದನ್ನೋದಿ, ಯಾರಾದರೂ ತಮ್ಮ ಯಂತ್ರವನ್ನು ತಾವೇ ನಿರುಪಯೋಗಿ ಅನ್ನುತ್ತಾರೆಯೇ ಎಂದು ರೇಗಿದರು. ನಾನು ಹಟ ಹಿಡಿದೆ. ಗೊಣಗುತ್ತಲೇ ರುಜು ಹಾಕಿ ಕಳಿಸಿದರು. ಇಲಾಖೆಯಿಂದ ಮೊದಲನೆಯದಕ್ಕೂ ಉತ್ತರ ಬರಲಿಲ್ಲ, ಎರಡನೆಯದಕ್ಕೂ ಬರಲಿಲ್ಲ.

ಮುಂದಿನ ವಾರದಿಂದ ಅಕ್ಕ ಮತ್ತೆ ಬಂದರು. ಮೇಡಮ್ಮೋರೆ ಎನ್ನುವುದು ಹೋಗಿ ಏನಮ್ಮ, ಬಾರಮ್ಮ ಎನ್ನುವುದು ಬಂತು. ಜೊತೆಗೆ ಬೈಗುಳವೂ ಬಂತು. ಸೂರ್ಯನ ಬಾರ್ಡರು ಅಷ್ಟರಲ್ಲಿ ಮಗ್ಗಕ್ಕೆ ಹತ್ತಿ ಇಳಿದಿತ್ತು, ಊರಲ್ಲಿ ಓಡುತ್ತಲೂ ಇತ್ತು. ಕಾಲೇಜಿನ ವಾರ್ಷಿಕೋತ್ಸವಕ್ಕೆ ಪ್ರಿನ್ಸಿಪಾಲರ ಶ್ರೀಮತಿಯವರು ಅದನ್ನೇ ಉಟ್ಟು ಬಂದು ಮುಂದಿನ ಸಾಲಿನಲ್ಲಿ ಗಂಡನ ಪಕ್ಕ ಕೂತರು. ವಿಡಿಯೋ ನಮ್ಮ ಮಾವನದು. ಅವನು ಕ್ಯಾಮರಾವನ್ನು ಸೀರೆಯ ಅಂಚಿನ ಮೇಲೆ ಮೆಲ್ಲಗೆ ಆಡಿಸಿ, ಹಾಗೇ ಮೇಲೇರಿಸಿ, ಸ್ವಾಗತಕ್ಕೆ ತಲೆಬಾಗಿದ್ದ ಪ್ರಿನ್ಸಿಪಾಲರ ನೆತ್ತಿಯ ಮೇಲೆ ನಿಲ್ಲಿಸಿದ. ಮತ್ತೆ ಅಂಚು. ಮತ್ತೆ ನೆತ್ತಿ. ಸ್ಟಾಫ್ ರೂಮಿನಲ್ಲಿ ಕ್ಯಾಸೆಟ್ ಹಾಕಿದಾಗ ನಾನು ಎದ್ದು ಹೊರಗೆ ಹೋಗಬೇಕಾಯಿತು. ಪ್ರಿನ್ಸಿಪಾಲರು ಮಾತ್ರ ಪೂರ್ತಿ ನೋಡಿ, ಒಳ್ಳೆ ಕಲಾತ್ಮಕ ಶೂಟಿಂಗು ಎಂದು ಮೆಚ್ಚಿದರು.

ಯಂತ್ರ ಆ ಚಳಿಗಾಲವೆಲ್ಲ ನಡೆಯಿತು. ರಟ್ಟಿಗೆ ತೂತು ಹೊಡೆಸುವ ಮೊದಲು ಅಂಚು ಹೇಗೆ ಕಾಣುತ್ತದೆಂದು ಮಾಲೀಕರಿಗೆ ಮಂಚದ ಮೇಲೇ ತೋರಿಸಿ, ಅವರ ತಕರಾರಿನ ಬಾಯನ್ನು ಅಲ್ಲೇ ಮುಚ್ಚಿಸುವುದು ಅಕ್ಕನಿಗೆ ಬಹಳ ಹಿಡಿಸಿತ್ತು. ಚಿತ್ರದಿಂದ ನೇರವಾಗಿ ಗ್ರಾಫು ಬರೆಸುವ ಪ್ರೋಗ್ರಾಮನ್ನು ನಾನು ಶುರು ಮಾಡಿದ್ದೆ. ಅದು ಮುಗಿಯಲೇ ಇಲ್ಲ. ಯಾವ ಎಳೆ ಎಲ್ಲಿ ಇನ್ನೊಂದರ ಕೆಳಗೆ ಹೋಗಿ ಕಟ್ಟು ಬೀಳಬೇಕು ಎಂದು ಅಕ್ಕನನ್ನು ಕೇಳಿದಾಗಲೆಲ್ಲ ಅವರು ಹೇಳುತ್ತಿದ್ದುದು ಒಂದೇ, "ನೋಡಿದ್ರೆ ಗೊತ್ತಾಗ್ತದೆ." ಅದನ್ನು ಸಿ ಭಾಷೆಯಲ್ಲಿ ಬರೆಯುವುದು ಹೇಗೆಂದು ನನಗೆ ಇವತ್ತಿಗೂ ತಿಳಿದಿಲ್ಲ.

ಬೇಸಿಗೆಯಲ್ಲಿ ಪ್ಯಾನೆಲ್ಲು ಬೆಂದುಹೋಯಿತು. ಪ್ರಾಜೆಕ್ಟರಿನ ದೀಪದ ಬಿಸಿ, ಮೇಲೆ ಶೀಟಿನ ಸೂರು. ಮೊದಲು ಮೂಲೆಯಲ್ಲಿ ಶಾಯಿ ಚೆಲ್ಲಿದಂಥ ಒಂದು ಕಲೆ ಕಂಡಿತು. ಟೇಬಲ್ ಫ್ಯಾನು ಇಟ್ಟೆ, ಒದ್ದೆ ಬಟ್ಟೆ ಸುತ್ತಿದೆ. ಕಲೆ ದಿನಕ್ಕಿಷ್ಟು ಬೆಳೆದು, ಒಂದು ಗುರುವಾರ ಮಧ್ಯಾಹ್ನದ ಹೊತ್ತಿಗೆ ಸೀರೆಯನ್ನೆಲ್ಲ ನುಂಗಿತು. ಬೇರೆ ಪ್ಯಾನೆಲ್ಲಿಗೆ ಬರೆದ ಅರ್ಜಿ ಯಾವುದೋ ಮೇಜಿನ ಮೇಲೆ ಕೂತಿತು. ಕಾಲೇಜು ಆ ಸಾಮಾನನ್ನು ಕೆಟ್ಟದ್ದರ ಪಟ್ಟಿಗೆ ಸೇರಿಸಿತು. ನಾನು ಒಂದು ದಿನ ರಜೆ ಹಾಕಿ, ತಂತಿಗಳನ್ನೆಲ್ಲ ಬಿಚ್ಚಿ ಸುತ್ತಿಟ್ಟೆ.

ಎರಡು ಮೂರು ತಿಂಗಳಾದ ಮೇಲೆ ಅಕ್ಕನ ಮನೆಯ ಮುಂದೆ ಹಾದುಹೋಗುವಾಗ ಕರೆದರು. ಜಗಲಿಯ ಗೋಡೆಗೆ ಬಿಳಿ ಪಂಚೆಯೊಂದನ್ನು ಬಿಗಿಯಾಗಿ ಮೊಳೆ ಹೊಡೆದಿದ್ದರು. ಪಕ್ಕದ ಬೀದಿಯ ಇಬ್ಬರು ಹೆಂಗಸರು ಕಪ್ಪು ಕಾಗದ ಕತ್ತರಿಸಿ, ಒಂದೇ ಬಗೆಯ ಎಲೆಗಳನ್ನು ರಾಶಿ ಮಾಡಿ, ಗುಂಡುಪಿನ್ನಿನಿಂದ ಪಂಚೆಯ ಉದ್ದಕ್ಕೂ ಚುಚ್ಚುತ್ತಿದ್ದರು. ಅಕ್ಕ ದೂರ ನಿಂತು ಅದನ್ನು ಸರಿಸಿ, ಇದನ್ನು ಬಗ್ಗಿಸಿ ಎಂದು ಹೇಳುತ್ತಿದ್ದರು. ಅವರಿಗೆ ಕೆಲಸ ಕಲಿಸುತ್ತಿದ್ದಾರೆ ಎಂದು ಆಮೇಲೆ ತಿಳಿಯಿತು. ಮೊದಲು ಯಾರಿಗೂ ಕಲಿಸಿದವರಲ್ಲ.

"ನೀನೂ ಒಂದು ಎಲೆ ಚುಚ್ಚು ನೋಡೋಣ" ಎಂದರು ನನಗೆ.

ಚುಚ್ಚಿದೆ. ಅವರು ತಲೆ ವಾರೆ ಮಾಡಿ ನೋಡಿದರು. ಹೆಂಗಸರಿಬ್ಬರೂ ನೋಡಿದರು.

"ಊಹೂಂ. ನಿಂಗೆ ಬರಲ್ಲ ಬಿಡು" ಎಂದು ಪಿನ್ನು ಕಿತ್ತು ಸರಿಯಾದ ಜಾಗಕ್ಕೆ ಚುಚ್ಚಿದರು. "ಬಾ, ಒಳಗೆ ಮುದ್ದೆ ಬಿಸಿ ಇದೆ, ಉಪ್ಸಾರು ಮಾಡಿದ್ದೀನಿ, ಉಣ್ಣುವಂತೆ."

ಕೈ ತೊಳೆದುಕೊಂಡು ಒಳಗೆ ಹೋಗಿ ಕೂತೆ. ಎರಡು ಮುದ್ದೆ ಉಂಡೆ.